ಆವನಿ ಬೆಟ್ಟದಲ್ಲಿ ಕಲ್ಲಿನ ಮನೆ, ಸೈಕಲ್ ದಾರಿ

ತಾಯಲೂರಿನಿಂದ ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಹೊರಟೆ. ದೀಪಾವಳಿ ಕಳೆದು ವಾರವಾಗಿತ್ತು. ಕೆರೆಯ ಮೇಲಿನ ಮಂಜು ಇನ್ನೂ ಕರಗಿರಲಿಲ್ಲ. ಕಂಡಕ್ಟರ್ ಆಧಾರ್ ಕಾರ್ಡ್ ನೋಡಿ ಸೊನ್ನೆ ರೂಪಾಯಿಯ ಟಿಕೆಟ್ ಕೊಟ್ಟು, "ಎಲ್ಲಿಗೆ ಅಜ್ಜಿ, ಆಸ್ಪತ್ರೆಗಾ?" ಎಂದ. ಸೈಕಲ್ ನೋಡೋದಕ್ಕೆ ಎಂದು ಹೇಳಲು ನಾಚಿಕೆಯಾಗಿ ಹೂಂ ಎಂದುಬಿಟ್ಟೆ. ಪಕ್ಕದ ಹೆಂಗಸು ಮುಳಬಾಗಿಲು ಬರುವವರೆಗೂ ಸಕ್ಕರೆ ಕಾಯಿಲೆಗೆ ಔಷಧಿ ಹೇಳುತ್ತಲೇ ಬಂದಳು. ನನಗೆ ಸಕ್ಕರೆ ಕಾಯಿಲೆ ಇಲ್ಲ.

ಮಕ್ಕಳೇ, ನಿಮ್ಮಲ್ಲಿ ಚಿಕ್ಕವರಿಗೆ ವಿಷಯ ಪೂರ್ತಿ ಗೊತ್ತಿಲ್ಲ. ಅದಕ್ಕೆ ಮೊದಲಿನಿಂದ ಬರೆಯುತ್ತೇನೆ. ಮಾಲೂರಿನಲ್ಲಿರುವ ನನ್ನ ಮಗಳು ವನಜಳ ಹುಡುಗಿ ಚೈತ್ರ ಬೆಟ್ಟದಲ್ಲಿ ಸೈಕಲ್ ಓಡಿಸುತ್ತಾಳೆ. ಅದು ದಪ್ಪ ಚಕ್ರದ, ಮುಂದಿನ ಗಾಲಿಗೆ ಸ್ಪ್ರಿಂಗ್ ಇರುವ ಸೈಕಲ್ಲು. ಹೋದ ವರ್ಷ ಅದರಿಂದ ಬಿದ್ದು ಭುಜದ ಮೂಳೆ ಮುರಿದುಕೊಂಡಳು. ಮೂಳೆ ಕೂಡಿತು, ವನಜಳ ಹೆದರಿಕೆ ಮಾತ್ರ ಹೋಗಲಿಲ್ಲ. ಮುಂದಿನ ತಿಂಗಳು ಅವಳ ಸೈಕಲ್ ತಂಡ ಕರಾವಳಿಗೆ, ಕುಮಟಾ ಕಡೆಯ ಗುಡ್ಡಗಳಿಗೆ ಹೋಗುವುದಿತ್ತು. ಅಲ್ಲಿ ದಟ್ಟ ಕಾಡಿನ ಗುಡ್ಡದ ನೆತ್ತಿಯ ಮೇಲೆ ದಾರಿ ಇದೆಯಂತೆ, ತುದಿಗೆ ಹೋದರೆ ಸಮುದ್ರ ಕಾಣುತ್ತದಂತೆ. ಕಳಿಸುವುದೋ ಬಿಡುವುದೋ ಎಂಬ ಜಗಳ ಮನೆಯಲ್ಲಿ ಬಹಳ ದಿನ ನಡೆಯಿತು. ಕೊನೆಗೆ ವನಜ ನನಗೆ ಫೋನ್ ಮಾಡಿದಳು.

"ನಾನು ನೋಡಕ್ಕೆ ಹೋದ್ರೆ ಕಣ್ ಮುಚ್ಕೊಂಡ್ಬಿಡ್ತೀನಿ ಕಣಮ್ಮ. ಎರಡು ದಿನ ನೀನ್ ಜೊತೆಗಿದ್ದು ನೋಡು. ನೀನು ಬೇಡ ಅಂದ್ರೆ ಬೇಡ."

ನಾನು ಮಾತಾಡುವುದು ಕಡಿಮೆ, ಆಡಿದರೆ ಬಣ್ಣ ಹಚ್ಚುವುದಿಲ್ಲ ಎಂದು ಅವಳ ನಂಬಿಕೆ. ನಿಮ್ಮ ತಾತ ಹೋದ ಮೇಲೆ ಮದುವೆ ಮುಂಜಿಗಳಿಗೆ ಬಿಟ್ಟು ನಾನು ಎಲ್ಲಿಗೂ ಹೋಗಿರಲಿಲ್ಲ. ಆದರೂ ಒಪ್ಪಿಕೊಂಡೆ.

ಮುಳಬಾಗಿಲಿನಲ್ಲಿ ಬಸ್ಸು ಬದಲಿಸಿ ಕೋಲಾರಕ್ಕೆ ಬಂದಾಗ ಮಾಲೂರಿನಿಂದ ತಂಡದವರನ್ನು ಕರೆತರುವ ಜೀಪು ಇನ್ನೂ ಬಂದಿರಲಿಲ್ಲ. ವಕ್ಕಲೇರಿಯಲ್ಲಿ ಹಾಲಿನ ಗಾಡಿಗಳ ಹಿಂದೆ ಸಿಕ್ಕಿಕೊಂಡಿದ್ದರಂತೆ. ಜೀಪಿನಲ್ಲಿ ಚೈತ್ರ, ಮೂವರು ಹುಡುಗರು, ಅವರಿಗೆ ಕಲಿಸುವ ನಯಾಜ್ ಇದ್ದರು. ನಯಾಜ್ ಮುಳಬಾಗಿಲಿನವನು, ಅವನ ತಂದೆಯದು ಸೈಕಲ್ ರಿಪೇರಿ ಅಂಗಡಿ. "ನೀವು ಮುಂದೆ ಕೂತ್ಕೊಳ್ಳಿ ಅಜ್ಜಿ, ಫಿಕರ್ ಬೇಡ. ಹಾರೋದು ಬೀಳೋದು ಎಲ್ಲ ಅವ್ರದ್ದು," ಎಂದ. ಚೈತ್ರ ನನ್ನ ಚೀಲ ತೆಗೆದುಕೊಂಡಳು. ಪರೀಕ್ಷೆ ಬರೆಯುವವಳ ಮುಖವಾಗಿತ್ತು ಅವಳದು.

ಜೀಪು ಕೋಲಾರದ ಬೆಟ್ಟ ಹತ್ತಿತು. ಮೇಲೆ ಊರುಗಳಿವೆ, ರಾಗಿ ಹೊಲಗಳಿವೆ. ಕೊಯ್ಲು ನಡೆದಿತ್ತು. ದಾರಿ ಬದಿಯಲ್ಲಿ ಒಬ್ಬಳು ಸೀತಾಫಲ ಗುಡ್ಡೆ ಹಾಕಿಕೊಂಡು ಕೂತಿದ್ದಳು. ಗುಡ್ಡೆಗೆ ಐವತ್ತು ರೂಪಾಯಿ ಎಂದಳು, ಎಲ್ಲರಿಗೂ ಸಾಕಾಯಿತು. ಅಲ್ಲಿಂದ ಮುಂದಕ್ಕೆ ಕಾಲುದಾರಿ. ನೀಲಗಿರಿ ಮರ, ಲಂಟಾನ, ಮಧ್ಯೆ ಮನೆಗಾತ್ರದ ಬಂಡೆಗಳು. ಆ ಬಂಡೆಗಳ ಸಂದಿಯಲ್ಲಿ ಇವರು ಸೈಕಲ್ ಇಳಿಸುತ್ತಾರೆ.

ದಾರಿ ಕವಲಾಗುವಲ್ಲೆಲ್ಲ ನಯಾಜ್ ಕಲ್ಲಿನ ಮೇಲೆ ಕಲ್ಲಿಟ್ಟು ಸಣ್ಣ ಗೋಪುರ ಮಾಡುತ್ತಿದ್ದ. ನಮ್ಮ ಕಡೆ ಬೆಟ್ಟದ ದೇವರಿಗೆ ಹೋದವರು ಸ್ವಂತ ಮನೆಯಾಗಲಿ ಎಂದು ಹಾಗೆ ಕಲ್ಲು ಪೇರಿಸಿ ಹರಕೆ ಹೊರುತ್ತಾರೆ. ನಾನು ಮೆಲ್ಲಗೆ, "ನಿನಗೂ ಮನೆ ಆಗಬೇಕೇನಪ್ಪಾ?" ಎಂದೆ. ಅವನಿಗೆ ನಗು ತಡೆಯಲಾಗಲಿಲ್ಲ. "ಮನೆ ಇದೆ ಅಜ್ಜಿ. ಇದು ದಾರಿ ಗುರುತು. ಗೋಪುರ ಯಾವ ಕಡೆ ಇದ್ಯೋ ಆ ಕಡೆ ತಿರುಗ್ಬೇಕು. ಬಣ್ಣದ ಪಟ್ಟಿ ಕಟ್ಟಿದ್ರೆ ಕೋತಿಗಳು ಬಿಡಲ್ಲ."

ನನಗೊಂದು ಕೆಲಸ ಹೇಳಿದರು. ತಿರುವಿನಲ್ಲಿ ನಿಂತು, ಸೌದೆಗೋ ದನಕ್ಕೋ ಬಂದವರಿಗೆ ಸೈಕಲ್ ಬರುತ್ತಿದೆ, ಪಕ್ಕಕ್ಕೆ ನಿಲ್ಲಿ ಎಂದು ಕೂಗಬೇಕು. ನನಗೆ ಕೂಗಲು ಬಾಯಿ ಬರಲಿಲ್ಲ. ಒಬ್ಬೊಬ್ಬರ ಹತ್ತಿರವೂ ನಡೆದುಹೋಗಿ ಹೇಳಿ ಬಂದೆ. ಹುಡುಗರು, "ಲೇ ಚೈತ್ರ, ನಿಮ್ಮಜ್ಜಿ ಎಲ್ರ ಕಿವೀಲೂ ಮಂತ್ರ ಹೇಳ್ತಾ ಇದಾರೆ ಕಣೇ!" ಎಂದು ನಕ್ಕರು.

ಮಧ್ಯಾಹ್ನ ಚಿತ್ರಾನ್ನ ತಿಂದ ಮೇಲಿನ ಇಳಿತದಲ್ಲಿ ಚೈತ್ರ ಜಲ್ಲಿಯ ಮೇಲೆ ಜಾರಿ ಬಿದ್ದಳು. ನಾನು ಹೋಗುವಷ್ಟರಲ್ಲಿ ಎದ್ದು ನಿಂತಿದ್ದಳು. ಮೊಣಕಾಲಿನಲ್ಲಿ ರಕ್ತ. "ಇದನ್ನೂ ಅಮ್ಮಂಗೆ ಹೇಳ್ತೀಯಾ?" ಎಂದಳು. ಹೇಳುತ್ತೇನೆ ಎಂದೆ. ಅವಳು ತಲೆಯಾಡಿಸಿ ಮತ್ತೆ ಸೈಕಲ್ ಹತ್ತಿದಳು. ಆ ಹೊತ್ತಿಗೆ ನನ್ನ ಮನಸ್ಸು ಬೇಡ ಎನ್ನುವ ಕಡೆಗೇ ಇತ್ತು.

ರಾತ್ರಿ ಮುಳಬಾಗಿಲಿನ ನಯಾಜ್ ಮನೆಯಲ್ಲಿ ಉಳಿದೆವು. ಅವನ ತಾಯಿ ನನಗೆಂದು ಹೊಸ ಪಾತ್ರೆಯಲ್ಲಿ ಬೇಳೆ ಸಾರು ಮಾಡಿಟ್ಟಿದ್ದರು. "ನನ್ ಬೇಟಾ ಇಪ್ಪತ್ ಸಲ ಬಿದ್ದಿದಾನೆ ಅಮ್ಮಾ. ನಾನು ನೋಡಕ್ಕೆ ಹೋಗಲ್ಲ, ಅದಕ್ಕೇ ಗಟ್ಟಿಯಾಗಿದೀನಿ," ಎಂದರು.

ಭಾನುವಾರ ಆವನಿ. ಮುಳಬಾಗಿಲಿನಿಂದ ದೂರವಿಲ್ಲ. ಬೆಳಗ್ಗೆ ಚಳಿಯಿತ್ತು, ಎಂಟರ ಹೊತ್ತಿಗೆ ಬಿಸಿಲು ಚುರುಕಾಯಿತು. ದೇವಸ್ಥಾನದ ಮೆಟ್ಟಿಲ ದಾರಿಯಲ್ಲಿ ಜನ ಬರುತ್ತಾರೆಂದು ಇವರು ಬೆಟ್ಟದ ಹಿಂಭಾಗ ಆರಿಸಿಕೊಂಡಿದ್ದರು. ನಯಾಜ್ ಮುಂಚೆಯೇ ಹೋಗಿ ಗುರುತಿಟ್ಟು ಬಂದ. ನಾನು ಇಳಿತದ ನಡುವಿನ ಒಂದು ಕವಲಿನಲ್ಲಿ ನೀರಿನ ಬಾಟಲಿ ಇಟ್ಟುಕೊಂಡು ಕೂತೆ. ಬಲಕ್ಕೆ ನಯಾಜ್ ಕಟ್ಟಿದ ಗೋಪುರ, ಅತ್ತ ಮಣ್ಣಿನ ದಾರಿ. ಎಡಕ್ಕೆ ನುಣ್ಣನೆಯ ಹಾಸುಬಂಡೆ. ನೋಡಲು ಅದೇ ಒಳ್ಳೆಯ ದಾರಿಯಂತಿತ್ತು. ಆದರೆ ಅದು ಸ್ವಲ್ಪ ದೂರ ಹೋಗಿ ಆಳವಾದ ದೊಣೆಗೆ ಇಳಿಯುತ್ತದೆ. ದೊಣೆ ಎಂದರೆ ಬಂಡೆಯ ಗುಂಡಿ, ಮಳೆನೀರು ತುಂಬಿಕೊಂಡಿತ್ತು.

ಸ್ವಲ್ಪ ಹೊತ್ತಿಗೆ ಗಂಡ ಹೆಂಡತಿ ಇಬ್ಬರು ಬಂದರು. ಶ್ರೀನಿವಾಸಪುರದವರು, ಮಾವಿನ ಮಂಡಿಯಲ್ಲಿ ಕೆಲಸವಂತೆ, ಬಾಡಿಗೆ ಮನೆಯಂತೆ. ನಾನು ಸೆರಗು ಸರಿಮಾಡಿಕೊಂಡು ದೂರ ಕೂತೆ. ಬಾಟಲಿಗೆ ಮುಚ್ಚಳ ಹಾಕಿ ತಿರುಗಿ ನೋಡುತ್ತೇನೆ, ಹೆಂಡತಿ ಎಡಗಡೆ ಹಾಸುಬಂಡೆಯ ಬಾಯಲ್ಲೇ ಕಲ್ಲು ಪೇರಿಸಿ ಕೈಮುಗಿಯುತ್ತಿದ್ದಾಳೆ. ಗಂಡ ಇನ್ನೂ ಎತ್ತರವಾಗಲೆಂದು ಬಲಗಡೆಯ ನಯಾಜನ ಗೋಪುರದಿಂದ ಕಲ್ಲು ತಂದಿಟ್ಟಿದ್ದಾನೆ!

"ಅಮ್ಮಾ, ಇದನ್ನ ಸ್ವಲ್ಪ ಆ ಕಡೆ ಕಟ್ಟೀಮ್ಮಾ," ಎಂದೆ.

"ಅಯ್ಯೋ, ವದ್ದು ಅವ್ವಾ, ಬೇಡ! ಕಟ್ಟಿದ್ ಮನೇನ ಕೆಡವ್ತಾರಾ?" ಎಂದು ಅವಳು ಎರಡು ಕೈ ಅಡ್ಡ ಹಿಡಿದಳು. ಅವಳ ಕಣ್ಣಲ್ಲಿ ನೀರು ಬಂತು. ನನಗೂ ಅದನ್ನು ಮುಟ್ಟಲು ಕೈ ಬರಲಿಲ್ಲ. ಸೈಕಲ್ಲಿನ ಮಾತು ಶುರುಮಾಡುವುದರೊಳಗೆ ಮೇಲೆ ಕಲ್ಲುಗಳು ಉರುಳುವ ಸದ್ದು ಕೇಳಿಸಿತು. ಮೊದಲು ಬರುವವಳು ಚೈತ್ರ.

ನಾನು ಓಡಿಹೋಗಿ ಆ ಕಲ್ಲಿನ ಮನೆಯ ಮುಂದೆ, ಹಾಸುಬಂಡೆಗೆ ಅಡ್ಡವಾಗಿ ನಿಂತೆ. "ಚೈತ್ರಾ! ಬಲಕ್ಕೆ! ಬಲಕ್ಕೆ ಹೋಗೇ!" ಎಂದು ಕೂಗಿದೆ. ಹಿಂದೆ ಹೊಲದಲ್ಲಿ ಹಂದಿ ಓಡಿಸುವಾಗ ಹಾಗೆ ಕೂಗಿದ್ದಿರಬೇಕು. ಆ ಗಂಡಸು ಬೆಚ್ಚಿಬಿದ್ದ. ಸೈಕಲ್ಲು ಬಂಡೆಯ ಮರೆಯಿಂದ ನೇರವಾಗಿ ನನ್ನ ಕಡೆಗೇ ಬಂತು. ಬ್ರೇಕು ಕಿರ್ರೆಂದಿತು, ಹಿಂದಿನ ಚಕ್ರ ಪಕ್ಕಕ್ಕೆ ಸರಿಯಿತು. ಚೈತ್ರಳ ಮುಖ ಬಲಕ್ಕೆ ತಿರುಗಿತು, ಅದರ ಹಿಂದೆಯೇ ಸೈಕಲ್ಲೂ ತಿರುಗಿ ಮಣ್ಣಿನ ದಾರಿಗೆ ಇಳಿದುಹೋಯಿತು. ನನ್ನ ಕಾಲ ಮೇಲೆ ಧೂಳು ಬಿತ್ತು, ಅಷ್ಟೇ. ಹಿಂದೆ ಬಂದ ಹುಡುಗರಿಗೂ ಹಾಗೇ ಕೂಗಿ ಹೇಳಿದೆ. ಈ ಸಲ ಯಾರೂ ನಗಲಿಲ್ಲ.

ನಯಾಜ್ ಓಡುತ್ತಾ ಇಳಿದು ಬಂದ. ನಡೆದದ್ದು ತಿಳಿದು ಅವನ ಮುಖ ಬಿಳಿಚಿಕೊಂಡಿತು. "ತಪ್ಪು ನನ್ದು ಅಜ್ಜಿ. ಈ ಬೆಟ್ಟದಲ್ಲಿ ಕಲ್ಲಿನ ಗುರುತು ಇಡ್ಬಾರ್ದಿತ್ತು," ಎಂದ. ನನ್ನ ಬಾಯಿಗೆ ಬಂದದ್ದು ಬೇರೆ ಮಾತು.

"ನಾನಷ್ಟು ಕೂಗಿದ್ರೂ ಒಂದ್ಸಲ ನನ್ನ ಕಡೆ ನೋಡ್ಲಿಲ್ವಲ್ಲಪ್ಪಾ ಅವ್ಳು."

"ನೋಡಿದ್ರೆ ನಿಮ್ಮ ಮೇಲೇ ಬರ್ತಿದ್ಲು ಅಜ್ಜಿ. ಕಣ್ಣೆಲ್ಲೋ ಸೈಕಲ್ಲೂ ಅಲ್ಲೇ. ಹೋದ ವರ್ಷ ಬಂಡೆ ನೋಡಿದ್ಲು, ಬಂಡೆಗೇ ಹೊಡ್ಕೊಂಡ್ಲು. ಇಷ್ಟು ದಿನ ಇದೊಂದೇ ಕಲಿಸಿದ್ದು."

ಆ ಗಂಡ ಹೆಂಡತಿ ತಾವೇ ಬಂದು ಸೈಕಲ್ ದಾರಿಯಲ್ಲಿ ಜನರನ್ನು ತಡೆದು ನಿಂತರು. ಅವರ ಮನೆಯನ್ನು ಯಾರೂ ಕೆಡವಲಿಲ್ಲ. ನಯಾಜ್ ತನ್ನ ಗುರುತುಗಳನ್ನೇ ಒಂದೊಂದಾಗಿ ಬಿಚ್ಚಿ, ಉಳಿದ ದಾರಿಗೆ ಸುಣ್ಣದ ಪುಡಿಯಲ್ಲಿ ಗೆರೆ ಎಳೆದ.

ಮಧ್ಯಾಹ್ನ ಮುಳಬಾಗಿಲಿನ ಹೋಟೆಲಿನಲ್ಲಿ ದೋಸೆ ತಿನ್ನಲು ಕೂತೆವು. ಇಲ್ಲಿನ ದೋಸೆ ಸಣ್ಣದು, ದಪ್ಪ, ತುಪ್ಪದಲ್ಲಿ ತೇಲುತ್ತಿರುತ್ತದೆ. ಚೈತ್ರ ಮುಟ್ಟಲಿಲ್ಲ. ವನಜ ಫೋನ್ ಮಾಡಿದಳು.

"ಏನಮ್ಮಾ, ಬಿದ್ಲಾ?"

"ನಿನ್ನೆ ಒಂದ್ಸಲ ಬಿದ್ಲು. ಮೊಣಕಾಲು ತರಚಿದೆ." ಆಮೇಲೆ ಕಲ್ಲಿನ ಮನೆ, ದೊಣೆ ಎಲ್ಲವನ್ನೂ ನಡೆದಂತೆಯೇ ಹೇಳಿದೆ. ಚೈತ್ರ ತಟ್ಟೆ ನೋಡುತ್ತಾ ಕೂತಿದ್ದಳು.

"ಇಷ್ಟೆಲ್ಲ ಆದ್ಮೇಲೆ ಇನ್ನೇನು, ಬೇಡ ಅಂತೀಯ ತಾನೇ?"

"ಇಲ್ಲ ಕಣೇ. ನಾನು ಎದುರಿಗೆ ನಿಂತ್ಕೊಂಡು ಬಡ್ಕೋತಿದ್ರೂ ಅವ್ಳು ಹೋಗ್ಬೇಕಾದ್ ಕಡೆ ನೋಡಿದ್ಲು. ಹೆದರಿಕೆ ಕಡೆ ನೋಡ್ಲಿಲ್ಲ. ಕಳ್ಸು."

ವನಜ, "ಈ ವಯಸ್ಸಲ್ಲಿ ಸೈಕಲ್ಗೆ ಅಡ್ಡ ನಿಂತ್ಕೊಂಡಿದ್ಯಾ? ನಿನ್ನ ನೋಡ್ಕೊಳಕ್ಕೆ ಯಾರನ್ನ ಕಳಿಸ್ಲಿ?" ಎಂದು ಬೈದಳು. ಕಳಿಸುವುದಿಲ್ಲ ಎನ್ನಲಿಲ್ಲ. ಚೈತ್ರ ತನ್ನ ದೋಸೆ ಮುಗಿಸಿ ನನ್ನ ತಟ್ಟೆಯದಕ್ಕೂ ಕೈ ಹಾಕಿದಳು.

ತಾಯಲೂರಿನ ಬಸ್ಸಿನಲ್ಲಿ ಕಿಟಕಿಯ ಪಕ್ಕ ಸೀಟು ಸಿಕ್ಕಿತು. ಬಸ್ಸು ನಿಲ್ದಾಣದಿಂದ ಹೊರಬಿದ್ದಾಗ ಚೈತ್ರ ಪೇಟೆಯ ಗಲಾಟೆಯಲ್ಲಿ ಆಟೊ, ಲಾರಿಗಳ ನಡುವೆ ಸೈಕಲ್ ಓಡಿಸಿಕೊಂಡು ನಯಾಜ್ ಮನೆಯ ಕಡೆಗೆ ಹೊರಟಿದ್ದಳು. ನಾನು ಕಿಟಕಿಯಿಂದ ಕೈ ಹೊರಗೆ ಹಾಕಿ ಬೀಸಿದೆ. ಬಸ್ಸಿನ ಪಕ್ಕದಲ್ಲೇ ಹಾದುಹೋದಳು, ನನ್ನ ಕಡೆ ನೋಡಲಿಲ್ಲ. ದಾರಿ ನೋಡುತ್ತಿದ್ದಳು. ಸರಿ ಎಂದುಕೊಂಡು ಕೈ ಒಳಗೆ ತೆಗೆದುಕೊಂಡೆ.