ಹತ್ತು ಬಿಲ್ಲೆಯ ಡ್ರೆಸ್ಸರ್

ನಮ್ಮ ಅಜ್ಜ ಸೆಲೆಸ್ಟಿನ್ ಮಂಗಳೂರಿನಿಂದ ಮಲಾಯಕ್ಕೆ ಬಂದದ್ದು ಹಡಗಿನಲ್ಲಿ. ಈಜಿಕೊಂಡು ಬಂದರೆಂದು ಮೊಮ್ಮಕ್ಕಳಿಗೆ ಹೇಳಿದ್ದೇನೆ, ಪಾಪ, ನಂಬಿಕೊಂಡಿದ್ದಾರೆ. ನಿಲಾಯ್ ಹತ್ತಿರದ ಒಂದು ರಬ್ಬರ್ ತೋಟದಲ್ಲಿ ಅವರು ಡ್ರೆಸ್ಸರ್. ಅಂದರೆ ಅರ್ಧ ಡಾಕ್ಟರು, ಅರ್ಧ ಕಂಪೌಂಡರು. ದಿನಾ ಬೆಳಕು ಹರಿಯುವ ಮೊದಲು ಹಾಜರಿಗೆ ನಿಂತ ಕೂಲಿಗಳ ಮುಂದೆ ನಡೆಯುತ್ತ "ನಾಲಿಗೆ!" ಎನ್ನುವುದು ಅವರ ಕೆಲಸ. ಆ ದನಿಗೆ ಮರದ ಮೇಲಿನ ಮಂಗಗಳೂ ನಾಲಿಗೆ ಚಾಚುತ್ತಿದ್ದವಂತೆ. ಒಂದು ಮುದಿ ಮಂಗಕ್ಕೆ ಕ್ವಿನೈನ್ ಕೊಟ್ಟರೆ, ಅದು ಮಾರನೆಯ ದಿನ ಬಾಟಲಿ ತೊಳೆದು ತಂದುಕೊಟ್ಟಿತಂತೆ.

ಸಾವಿರದ ಒಂಬೈನೂರ ಹದಿನೆಂಟರಲ್ಲಿ ಕ್ವಿನೈನಿಗೆ ಬಗ್ಗದ ಜ್ವರ ಬಂತು. ರಬ್ಬರ್ ಹೊರಗೆ ಹೋಗುವ ಬಂದರಿನಿಂದಲೇ ಒಳಗೆ ಬಂತು. ವಾರದೊಳಗೆ ಅರವತ್ತು ಜನ ಮಲಗಿದರು. ತೋಟದ ಒಡೆಯರೆಲ್ಲ ಲಂಡನ್ನಿನಲ್ಲಿ. ರಬ್ಬರ್ ಮರಕ್ಕೆ ಎಲೆ ಇದೆಯೋ ಗರಿ ಇದೆಯೋ ಅವರಿಗೆ ತಿಳಿಯದು. ರಬ್ಬರ್ ಹಾಲು ಕಡಿಮೆಯಾಗಕೂಡದೆಂದು ಅಲ್ಲಿಂದ ತಂತಿ ಬಂತು. ಕೂಡಲೇ ಮ್ಯಾನೇಜರ್ ದೊರೆ ತಗಡಿನ ಹತ್ತು ಬಿಲ್ಲೆ ಮಾಡಿಸಿದ. ದಿನಕ್ಕೆ ಹತ್ತೇ ರೋಗಿಗಳು. ಕೊರಳಲ್ಲಿ ಬಿಲ್ಲೆ ಇದ್ದವರು ಕೂಲಿಗಳ ಲೈನು ಮನೆಯಲ್ಲಿ ಉಳಿಯಬಹುದು, ಉಳಿದವರು ಹಾಲು ಇಳಿಸಲು ಮರಕ್ಕೆ. ಇನ್ನಷ್ಟು ಬಿಲ್ಲೆ ಕೇಳಲು ಅಜ್ಜ ಬಂಗಲೆಗೆ ಹೋದರೆ, ದೊರೆ ತಂತಿಯ ಕಾಗದ ಮುಂದಕ್ಕೆ ತಳ್ಳಿ ಕೆಮ್ಮತೊಡಗಿದ. ಅವನಿಗೂ ಜ್ವರ. ಅವನಿಗೂ ಬಿಲ್ಲೆ ಇರಲಿಲ್ಲ.

ತೋಟದಲ್ಲಿ ಅಜ್ಜನ ಜೊತೆ ಕನ್ನಡ ಮಾತಾಡುವವನು ಒಬ್ಬನೇ, ಕೊಳ್ಳೇಗಾಲದ ಚಾಮಯ್ಯ. ತಮಿಳರ ಗುಂಪಿನಲ್ಲಿ ಸೇರಿ ಬಂದವನು. ಅವನ ಹೆಂಡತಿ ನಿಂಗಮ್ಮನಿಗೆ ಜ್ವರ ಬಂದು ಅಜ್ಜ ಬಿಲ್ಲೆ ಕೊಟ್ಟಿದ್ದರು. ಮಾರನೆಯ ಬೆಳಿಗ್ಗೆ ಹಾಜರಿಯಲ್ಲಿ ಅಜ್ಜನ ಕೈಯಲ್ಲಿ ಒಂದೇ ಬಿಲ್ಲೆ ಉಳಿದಾಗ ಎದುರಿಗೆ ನಿಂತವನು ಚಾಮಯ್ಯ. ನಾಲಿಗೆ ಕೆಂಪಗೆ, ಚೆನ್ನಾಗಿತ್ತು.

"ನಂಗೊಂದು ಕೊಡಿ ಬುದ್ದಿ. ಅವಳಿಗೆ ನೀರ್ ಕೊಡಾಕ ಯಾರೂ ಇಲ್ಲ."

"ನಿಂಗೆ ಜ್ವರ ಉಂಟಂತ ಹೇಗೆ ಹೇಳುದು ಮಾರಾಯ?"

"ಸುಳ್ಳು ಹೇಳಿ ಬುದ್ದಿ. ಮಂಗನ ಕತೆ ಹೇಳಾಕಿಲ್ವಾ?"

ಅವನ ಹಿಂದೆ ಅಂಜಲೈ ಎಂಬ ಹೆಂಗಸು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು, ನಿಲ್ಲಲಾರದೆ ಚಾಮಯ್ಯನ ಭುಜವನ್ನೇ ಹಿಡಿದಿದ್ದಳು. ಮೈ ಕೆಂಡ. ಅಜ್ಜ ಬಿಲ್ಲೆಯನ್ನು ಅವಳ ಕೊರಳಿಗೆ ಹಾಕಿದರು. ಚಾಮಯ್ಯ ಬಕೆಟ್ ಎತ್ತಿಕೊಂಡು ಹೋದ. ಬಿಸಿಲೇರಿದ ಮೇಲೆ ರಬ್ಬರ್ ಹಾಲು ಇಳಿಯುವುದಿಲ್ಲ. ಅಷ್ಟರೊಳಗೆ ಅವನು ಮುನ್ನೂರು ಮರ ಮುಗಿಸಬೇಕು.

ಅಜ್ಜ ತಾವೇ ಎರಡು ಸಲ ಹೋಗಿ ನಿಂಗಮ್ಮನಿಗೆ ನೀರು ಕುಡಿಸಿದರು. ಮೂರನೆಯ ಸಲ ಹೋಗುವ ಮೊದಲು ಬೇರೆ ನಾಲ್ಕು ಮನೆಯವರು ಕೈ ಹಿಡಿದು ತಮ್ಮ ರೋಗಿಗಳ ಪಕ್ಕ ಕೂರಿಸಿಕೊಂಡರು. ಮಧ್ಯಾಹ್ನ ಚಾಮಯ್ಯ ಹಾಲು ಅಳೆದುಕೊಟ್ಟು ಬಂದಾಗ ಅವಳು ತೀರಿಕೊಂಡಿದ್ದಳು.

ಮಾರನೆಯ ದಿನವೂ ಹಾಜರಿ ತಪ್ಪಲಿಲ್ಲ. ಅಜ್ಜ ನಾಲಿಗೆ ಕೇಳಲಿಲ್ಲ, ಸಾಲಿನ ಮೊದಲಿಗೇ ಬಂದು ಚಾಮಯ್ಯನ ಕೈಗೆ ಒಂದು ಬಿಲ್ಲೆ ಇಟ್ಟರು. ಅವನು ಅದನ್ನು ತಿರುಗಿಸಿ ನೋಡಿದ.

"ಇವತ್ತು ಮನೇಲಿ ಯಾರವ್ರೆ ಬುದ್ದಿ?" ಎಂದು ಪಕ್ಕದವನಿಗೆ ಕೊಟ್ಟುಬಿಟ್ಟ.

ಅಜ್ಜ ಊರಿಗೆ ಹೊರಡುತ್ತೇನೆಂದು ಆ ದಿನವೇ ಅರ್ಜಿ ಬರೆದರು. ಬದಲಿಗೆ ಇನ್ನೊಬ್ಬ ಡ್ರೆಸ್ಸರ್ ಬರುವ ತನಕ ಕಾಯಬೇಕೆಂದು ಉತ್ತರ ಬಂತು. ಇಪ್ಪತ್ತೆರಡು ವರ್ಷ ಕಾದರು.