ಕಿಟಕಿಯ ಮೇಲೆ ಕೈ

ಸಿಂದಗಿ ಬಸ್ ಸ್ಟ್ಯಾಂಡಿನಲ್ಲಿ ವಿಜಯಪುರದ ಬಸ್ಸು ಹತ್ತಿ ಕುಳಿತದ್ದೇ ತಡ, ನನ್ನ ಕೈ ತಾನಾಗಿಯೇ ಕಿಟಕಿಯ ಚೌಕಟ್ಟು ಹುಡುಕಿಕೊಂಡು ಹೋಯಿತು. ಗಾಳಿಗಾಗಿ ಅಲ್ಲ, ಗಾಜು ಮೊದಲೇ ಸರಿದಿತ್ತು. ‘ತುರ್ತು ನಿರ್ಗಮನ’ ಎಂದು ಕೆಂಪಕ್ಷರದಲ್ಲಿ ಬರೆದ ಕಿಟಕಿಯ ಸೀಟನ್ನೇ ನಾನು ಹಿಡಿಯುವುದು. ಹಿಡಿದು, ಅದರ ಮೇಲೊಂದು ಕೈ ಇಟ್ಟುಕೊಂಡೇ ಕೂಡುವುದು. ಕಂಡಕ್ಟರುಗಳಿಗೂ ಇದು ರೂಢಿಯಾಗಿದೆ. ಪಕ್ಕದಲ್ಲಿದ್ದ ಅಕ್ಕನ ಮಗಳು ಸವಿತಾ ನೋಡಿ ನಕ್ಕಳು. ಆದರೆ ಇವತ್ತು ಆ ನಗುವಿನಲ್ಲಿ ಜೀವವಿರಲಿಲ್ಲ. ಅವಳ ಗಂಡ ಮಲ್ಲಿಕಾರ್ಜುನ ರಜೆ ಮುಗಿಸಿ ಮುಂಬೈಯಿಂದ ಹೆಲಿಕಾಪ್ಟರ್ ಹತ್ತುವ ದಿನ ಇದು. ಸಮುದ್ರದ ನಡುವೆ ಎಣ್ಣೆ ತೆಗೆಯುವ ಕಬ್ಬಿಣದ ಅಟ್ಟದ ಮೇಲೆ ಅವನಿಗೆ ಕೆಲಸ. ಅಲ್ಲಿ ಮೋಡ ಕವಿದಿದೆ, ಹಾರುವುದು ತಡವಾಗಬಹುದು ಎಂದು ಬೆಳಿಗ್ಗೆ ಹೇಳಿದವನಿಂದ ಆಮೇಲೆ ಸುದ್ದಿಯಿಲ್ಲ. ಇಲ್ಲಿ ನೋಡಿದರೆ ತೊಗರಿ ಹೊಲದ ಮೇಲೆ ರಣರಣ ಬಿಸಿಲು.

ನಾನು ಸಂಶಯದ ಮನುಷ್ಯ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂದರಲ್ಲ ಹಿರಿಯರು, ಪ್ರಮಾಣಿಸಿದ ಮೇಲೂ ಇನ್ನೊಮ್ಮೆ ನೋಡುವವನು ನಾನು. ಹಾಲು ಗಟ್ಟಿಯಾಗಿದ್ದರೆ ಏನು ಬೆರೆಸಿದ್ದಾರೋ ಎನ್ನುತ್ತೇನೆ, ತೆಳ್ಳಗಿದ್ದರೆ ಹೇಗೂ ಗೊತ್ತೇ ಇದೆ. ಇಂಥವನನ್ನು ಮನೆಯವರು ಸುಮ್ಮನೆ ಬಿಡುತ್ತಾರೆಯೇ? ನಮ್ಮ ಬಳಗದಲ್ಲಿ ಯಾವ ಹೆಣ್ಣಿಗೆ ಗಂಡು ಗೊತ್ತಾಗುವ ಮಾತು ಬಂದರೂ, ಹುಡುಗನ ಊರಿಗೆ ಗುಟ್ಟಾಗಿ ಹೋಗಿ ವಿಚಾರಿಸಿಕೊಂಡು ಬರುವ ಕೆಲಸ ನನ್ನದೇ. ಸೋದರಮಾವನೆಂಬ ಅಧಿಕಾರವೂ ಸೇರಿ, ಸವಿತಾಳ ಮದುವೆಗೆ ಮೊದಲು ನಾನು ಮಲ್ಲಿಕಾರ್ಜುನನ ಊರು ಅಗರಖೇಡಕ್ಕೆ ಹೊರಟಿದ್ದೆ.

ಇಂಥ ಕೆಲಸಕ್ಕೆ ಹೋಗುವವನು ನೆವ ಕಟ್ಟಿಕೊಂಡು ಹೋಗಬೇಕು. ಇಂಡಿ ಸೀಮೆಯಲ್ಲಿ ನಿಂಬೆ ಸಸಿ ಬೇಕು ಅಂದರೆ ಯಾರೂ ಎರಡನೇ ಪ್ರಶ್ನೆ ಕೇಳುವುದಿಲ್ಲ. ಹಾಗೆ ಅಂದುಕೊಂಡು ಮಲ್ಲಿಕಾರ್ಜುನನ ಮನೆಯವರ ತೋಟದೊಳಗೆ ನುಗ್ಗಿದೆ. 

ಬಾವಿಯ ಮೆಟ್ಟಿಲ ಮೇಲೆ, ನೀರಿನ ಅಂಚಿಗೆ, ಒಂದು ಪ್ಲಾಸ್ಟಿಕ್ ಕುರ್ಚಿ. ಅದರಲ್ಲಿ ಬೂಟು, ಪ್ಯಾಂಟು ಸಮೇತ, ಫೋಟೋದಲ್ಲಿ ಕಂಡಿದ್ದ ಅದೇ ಹುಡುಗ. ಅವನ ಸೊಂಟವನ್ನು ಅಗಲ ಪಟ್ಟಿಯಿಂದ ಕುರ್ಚಿಗೆ ಬಿಗಿದಿದ್ದರು. ಇಬ್ಬರು ಗೆಳೆಯರು ಕುರ್ಚಿಯನ್ನು ಹಾಗೆಯೇ ನೀರಿಗೆ ತಳ್ಳಿ ತಲೆಕೆಳಗು ಮಾಡಿದರು. ಅಯ್ಯೋ ಕೊಂದರು ಎಂದು ಕೂಗಲು ಬಾಯಿ ತೆರೆದಿದ್ದೆ, ಅಷ್ಟರಲ್ಲಿ ಅವನೇ ಪಟ್ಟಿ ಬಿಚ್ಚಿಕೊಂಡು ಮೇಲೆದ್ದು, ಮೂಗಿನ ನೀರು ಒರೆಸಿ, “ಇನ್ನೊಮ್ಮಿ ಹಾಕ್ರೋ” ಅಂದ. ಹಾಕಿದರು.

ನಿಂಬೆ ಗಿಡಗಳಿಗೆ ನೀರು ತಿರುವುತ್ತಿದ್ದ ಮುದುಕರನ್ನು ಕೇಳಿದೆ.

“ಏನ್ರೀ ಯಜಮಾನ್ರ, ಅದು?”

“ನಮಗೂ ತಿಳೀವಲ್ದ್ರಿ. ಸೂಟಿ ಮುಗದು ಹೊಂಡೂ ಮುಂದ ಹಿಂಗ ಮಾಡ್ತಾನ. ಆಗಾಗ ಮುಂಬೈದಾಗ ದವಾಖಾನಿಗೂ ಹೋಗ್ತಾನಂತ.”

ನನಗೆ ಅಲ್ಲಿಗೇ ಅರ್ಧ ತಿಳಿದುಹೋಯಿತು. ಉಳಿದರ್ಧ ಸ್ವಲ್ಪ ಹೊತ್ತಿನಲ್ಲೇ ತಿಳಿಯಿತು. ಒದ್ದೆ ಬಟ್ಟೆ ಬದಲಿಸಿ ಬಂದ ಹುಡುಗ ಚೀಲ ಹೆಗಲಿಗೇರಿಸಿಕೊಂಡು, ನಿಂಬೆ ಮೂಟೆ ತೂಗುವ ಕಾಟಾದ ಮೇಲೆ ನಿಂತ. ತೂಕ ನೋಡಿ ಇಳಿದ. ಚೀಲದಿಂದ ಶೇಂಗಾ ಹೋಳಿಗೆಯ ಡಬ್ಬಿ ತೆಗೆದು ಮತ್ತೆ ಹತ್ತಿದ. ಅವನ ತಾಯಿ ಆ ಡಬ್ಬಿಯನ್ನು ಮತ್ತೆ ಚೀಲಕ್ಕೆ ತುರುಕಿದರು. ಅವನು ಮತ್ತೆ ತೆಗೆದ. ನಾನು ಗಿಡದ ಮರೆಯಲ್ಲಿ ನಿಂತು ತಾಳೆ ಹಾಕಿದೆ. ಹುಡುಗನಿಗೆ ಮೂರ್ಛೆ ರೋಗ. ಬಾವಿಯಲ್ಲಿ ಮುಳುಗಿಸುವುದು ಅದರ ನಾಟಿ ಉಪಚಾರ. ಕಾಟಾ ಹತ್ತುವುದು ಹರಕೆಯ ತುಲಾಭಾರಕ್ಕೆ, ಬೆಲ್ಲ ಎಷ್ಟು ಬೇಕು ಎಂದು ನೋಡಲು. ಹೋಳಿಗೆ ಡಬ್ಬಿ ಇಳಿಸಿ ದೇವರ ಹತ್ತಿರವೂ ಚೌಕಾಶಿ ಮಾಡುತ್ತಿದ್ದಾನಲ್ಲ ಎಂದು ಬೇಜಾರೂ ಆಯಿತು. ಸಸಿಯನ್ನೂ ಕೊಳ್ಳದೆ ತಿರುಗಿ ಬಂದೆ.

ಅಕ್ಕ ಕೇಳಿ ಕಣ್ಣೀರು ಹಾಕಿದಳು. ರೋಗ ಯಾರಿಗಾದರೂ ಬಂದೀತು, ಅದು ತಪ್ಪಲ್ಲ, ಮುಚ್ಚಿಟ್ಟು ಹೆಣ್ಣು ಕೇಳುವುದು ತಪ್ಪು ಎಂದು ನಾನು ಮಾತು ಮುಗಿಸಿದೆ. ಸವಿತಾ ಮಾತ್ರ, “ಮಾಮಾ, ಅವರು ಬರ್ಲಿ. ಅವರನ್ನ ಕೇಳೂಣು” ಅಂದಳು. ಊರ ಸಾಲಿಯಲ್ಲಿ ಟೀಚರು ಅವಳು. ಗದ್ದಲವಾದಾಗ ಎರಡೂ ಕಡೆಯವರನ್ನು ಕೇಳಿ ಅಭ್ಯಾಸ.

ಮುಂದಿನ ರಜೆಗೆ ಅವರು ಹೆಣ್ಣು ನೋಡಲು ಬಂದರು. ಚುರುಮುರಿ, ಮಿರ್ಚಿ ಭಜಿ ಮುಗಿದು ಚಹಾ ಬರುವ ಹೊತ್ತಿಗೆ ನನ್ನಿಂದ ತಡೆಯಲಾಗಲಿಲ್ಲ.

“ತಮ್ಮಾ, ಸಿಟ್ಟಾಗಬ್ಯಾಡ. ನಿನಗ ಏನು ಬ್ಯಾನಿ ಐತಿ?”

ಅವನ ತಾಯಿ ಕಪ್ಪು ಕೆಳಗಿಟ್ಟರು. ನಾನು ಬಾವಿ, ಕುರ್ಚಿ, ಕಾಟಾ, ದವಾಖಾನೆ ಎಲ್ಲವನ್ನೂ ಮುಂದಿಟ್ಟೆ. ಹುಡುಗ ಮೊದಲು ನಕ್ಕ, ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದ.

“ಬ್ಯಾನಿ ಅಲ್ರಿ ಮಾಮಾ. ನಾವು ಹೆಲಿಕಾಪ್ಟರ್‌ದಾಗ ಹೋಗೋರು. ಅದರ ಭಾರ ಎಲ್ಲಾ ಮ್ಯಾಲಿರ್ತೈತಿ, ಸಮುದ್ರಕ್ಕ ಬಿತ್ತಂದ್ರ ಬುಡಮೇಲ ಆಗ್ತೈತಿ. ಅದಕ್ಕ ನಮ್ಮನ್ನ ಒಂದು ಡಬ್ಬಿಯೊಳಗ ಕೂಡ್ಸಿ, ನೀರಾಗ ಮುಳುಗ್ಸಿ, ತಿರುವಿ ಹಾಕ್ತಾರ್ರಿ. ಹೊರಗ ಬಂದವರಿಗಷ್ಟ ಹಾರಾಕ ಬಿಡ್ತಾರ. ಆ ಪರೀಕ್ಷಾ ಮತ್ತ ಬಂದಿತ್ತು. ಮನ್ಯಾಗ ಹೇಳಿದ್ರ ಅಂಜತಾರಂತ ಬಾವ್ಯಾಗ ರೂಢಿ ಮಾಡಾಕತ್ತಿದ್ದೆ.” ಹತ್ತುವ ಮೊದಲು ಮನುಷ್ಯನನ್ನೂ ಚೀಲವನ್ನೂ ತೂಗುತ್ತಾರಂತೆ, ಭಾರ ಹೆಚ್ಚಾದರೆ ಚೀಲ ಇಳಿಸುತ್ತಾರಂತೆ, ಕಡ್ಡಿಪೆಟ್ಟಿಗೆ ಇದ್ದರೆ ತೆಗೆಸುತ್ತಾರಂತೆ, ಕುಡಿದ ವಾಸನೆ ಬಂದರೆ ಹತ್ತಿಸುವುದೇ ಇಲ್ಲವಂತೆ. ದವಾಖಾನೆಗೆ ಹೋಗುವುದು, ಮೈ ಗಟ್ಟಿ ಇದೆ ಎಂದು ಡಾಕ್ಟರರಿಂದ ಬರೆಸಿಕೊಳ್ಳಲು.

“ನೀರಾಗ ತಿರುವಿದಾಗ ಏನು ಮಾಡ್ತೀರಿ?” ಸವಿತಾ ಕೇಳಿದಳು.

“ಮೊದಲ ಕಿಟಕಿ ಮ್ಯಾಲ ಕೈ ಇಟ್ಕೋಬೇಕ್ರಿ. ಆಮ್ಯಾಲ ಬೆಲ್ಟ್ ಬಿಚ್ಚಬೇಕು. ಬೆಲ್ಟ್ ಮೊದಲ ಬಿಚ್ಚಿದ್ರ ಯಾವ ಕಡಿ ಮ್ಯಾಲ, ಯಾವ ಕಡಿ ಕೆಳಗ ತಿಳಿಯಂಗಿಲ್ಲ.”

ನೀವೇ ಹೇಳಿ, ಇದರಿಂದ ನನ್ನ ಸಂಶಯ ಕಡಿಮೆಯಾಗಬೇಕೋ, ಹೆಚ್ಚಾಗಬೇಕೋ? ಇಷ್ಟು ದಿನ ಹುಡುಗನ ಮೇಲಷ್ಟೇ ಇದ್ದದ್ದು ಈಗ ಹೆಲಿಕಾಪ್ಟರಿನ ಮೇಲೂ ಸಮುದ್ರದ ಮೇಲೂ ಹಬ್ಬಿತು. “ಅದು ಬೀಳೂದ ಇಲ್ಲಂದ್ರ ಇದನ್ನೆಲ್ಲ ಯಾಕ ಕಲಸ್ತಾರ?” ಅಂದೆ. ಅಕ್ಕ ಒಳಗೆ ಕರೆದು ನನ್ನ ತೋಳು ಹಿಡಿದಳು. “ಬ್ಯಾನಿ ಇದ್ದಿದ್ರ ಔಷಧರ ಇತ್ತೋ ತಮ್ಮಾ. ಇದಕ್ಕೇನೈತಿ? ಹುಡುಗಿನ್ನ ಕೊಟ್ಟು ದಿನಾ ಆಕಾಶ ನೋಡ್ಕೋತ ಕೂಡ್ಲೇನು?”

ಇಬ್ಬರೂ ಬೇಡವೆಂದು ಹೇಳುವುದಕ್ಕೇ ಹೊರಗೆ ಬಂದೆವು. ಅಷ್ಟರಲ್ಲಿ ಸವಿತಾ ಅವನನ್ನು ಇನ್ನೊಂದು ಮಾತು ಕೇಳುತ್ತಿದ್ದಳು.

“ನಿಮಗ ಅಂಜಿಕಿ ಆಗಂಗಿಲ್ಲೇನ್ರಿ?”

“ಆಗ್ತೈತ್ರಿ,” ಅಂದ ಅವನು, ನೆಲ ನೋಡುತ್ತ. “ಪ್ರತಿ ಸಲಾನೂ ಆಗ್ತೈತಿ.”

ಅವರು ಹೋದ ಮೇಲೆ ಅವಳು ನನಗೆ ಹೇಳಿದ್ದಿಷ್ಟೆ. “ಅಂಜಿಕಿ ಇಲ್ಲ ಅಂದಿದ್ರ ನಾನ ಒಲ್ಲೆ ಅಂತಿದ್ದೆ, ಮಾಮಾ. ಅಂಜತೇನಿ ಅಂದ್ರು. ತಿರುಗಿ ಮನಿಗೆ ಬರಬೇಕಂತ ಬಾವ್ಯಾಗ ಬಿದ್ದು ಕಲಿಯೋ ಮನಿಷ್ಯಾನ ಮ್ಯಾಲ ಇನ್ನೇನು ಸಂಶೇ?” ಮದುವೆ ಗೊತ್ತಾಯಿತು. ಅಂದಿನಿಂದ ನನಗೆ ಈ ಕಿಟಕಿಯ ಚಾಳಿ.

ಬಸ್ಸು ದೇವರ ಹಿಪ್ಪರಗಿ ದಾಟಿತು. ಸವಿತಾ ಫೋನಿನ ಮುಖವನ್ನೇ ನೋಡುತ್ತಿದ್ದಳು. ಮಾತಾಡಿಸಿದರೆ ಅತ್ತಾಳೆಂದು ನಾನು ಹೊರಗೆ ನೋಡುತ್ತ ಕುಳಿತೆ. ಕೊನೆಗೆ ಫೋನು ಸಣ್ಣಗೆ ಸದ್ದು ಮಾಡಿತು. ‘ಮುಟ್ಟೇನಿ’ ಎಂದು, ತಲುಪಿದ ಸುದ್ದಿ ಬಂದಿತ್ತು.

“ಅವನ ಬರದಾನೋ, ಮತ್ಯಾರರ ಬರದಾರೋ?” ಎಂದೆ. “ಫೋನ್ ಹಚ್ಚು. ದನಿ ಕೇಳೂಣು.”

ಹಚ್ಚಿದಳು. ಗಾಳಿಯ ಗದ್ದಲದ ನಡುವೆ ಅವನ ದನಿ ನನಗೂ ಕೇಳಿಸಿತು. ಅವಳು ಕಣ್ಣೊರೆಸಿಕೊಂಡು ನಗತೊಡಗಿದಳು.

“ಮಾಮಾ, ಕೇಳಾಕತ್ತಾರ. ಇವತ್ತೂ ಕಿಟಕಿ ಮ್ಯಾಲ ಕೈ ಇಟ್ಟಾರೇನು ಅಂತ.”

“ಇಲ್ಲಂತ ಹೇಳು,” ಅಂದೆ. ಕೈ ಮಾತ್ರ ತೆಗೆಯಲಿಲ್ಲ.