ಫೋನಿಗೆ ಬಡಿಸಿದ ಹೋಳಿಗೆ

ಕಣ್ಣು ಮುಚ್ಚಿ ಧ್ಯಾನಕ್ಕೆ ಕೂತರೆ ನನಗೆ ಮೊದಲು ಕಾಣಿಸುವುದು ಮಿರ್ಚಿ ಭಜಿ. ಕೆಲವರಿಗೆ ಬೆಳಕು ಕಾಣುತ್ತದಂತೆ, ಇನ್ನು ಕೆಲವರಿಗೆ ಮೈಯೆಲ್ಲ ಹಗುರಾಗಿ ತೇಲಿದಂತಾಗುತ್ತದಂತೆ. ನನಗೆ ಮಾತ್ರ ಕೊಪ್ಪಳದ ಬಸ್‌ಸ್ಟ್ಯಾಂಡ್ ಎದುರಿನ ತಳ್ಳುಬಂಡಿ, ಅದರ ಬಾಣಲೆಯಿಂದ ಆಗಷ್ಟೇ ಎತ್ತಿದ ಮಿರ್ಚಿ, ಪಕ್ಕದಲ್ಲಿ ಒಂದು ಪೊಟ್ಟಣ ಮಂಡಾಳು, ಅಂದರೆ ಮಂಡಕ್ಕಿ. ಉಸಿರನ್ನು ಗಮನಿಸಿ ಎಂದು ನಮ್ಮ ಬೌದ್ಧ ಭಿಕ್ಕು ಭಂತೇಜಿ ಹೇಳಿದಾಗಲೆಲ್ಲ ನಾನು ಶ್ರದ್ಧೆಯಿಂದಲೇ ಗಮನಿಸುತ್ತೇನೆ. ಒಳಗೆ ಬರುವ ಉಸಿರು ವಾಸನೆಯನ್ನೂ ಜೊತೆಗೆ ಕರೆದುಕೊಂಡು ಬಂದರೆ ನಾನೇನು ಮಾಡಲಿ, ನೀವೇ ಹೇಳಿ.

ಒಂದು ಭಾನುವಾರ ಧೈರ್ಯ ಮಾಡಿ ಭಂತೇಜಿಯವರಿಗೆ ಇದನ್ನು ಹೇಳಿಯೂ ಬಿಟ್ಟೆ. ಅವರು ಗಂಗಾವತಿ ಕಡೆಯವರು, ನಮ್ಮ ಓಣಿಯ ಪುಟ್ಟ ವಿಹಾರಕ್ಕೆ ಬಸ್ಸಿನಲ್ಲಿ ಬಂದು ಹೋಗುವವರು, ಮಾತು ಕಡಿಮೆ. ಸ್ವಲ್ಪ ಹೊತ್ತು ನನ್ನ ಹೊಟ್ಟೆಯ ಕಡೆಗೇ ನೋಡಿ, “ತಿಂದು ಬಂದು ಕೂಡ್ರಿ” ಎಂದರು. ಅಷ್ಟೇ ಉಪದೇಶ. ಹೈಸ್ಕೂಲಿನಲ್ಲಿ ಗಣಿತ ಹೇಳುವ ನನಗೆ ಇಷ್ಟು ಚಿಕ್ಕ ಉತ್ತರ ಸಾಲದು. ಲೆಕ್ಕದ ಹಂತಗಳೆಲ್ಲ ಬೇಕು.

ಹಾಗಾಗಿ ಫೋನಿನೊಳಗಿನ ಗುರುವಿನ ಬೆನ್ನು ಹತ್ತಿದೆ. ಈ ಕೃತಕ ಬುದ್ಧಿಮತ್ತೆ ಎಂಬುದು ಈಗ ಎಲ್ಲರ ಜೇಬಿನಲ್ಲೂ ಇದೆ. ನಮ್ಮ ಶಾಲೆಯಲ್ಲಿ ಒಬ್ಬರು ಅದರಿಂದ ರಜೆಯ ಅರ್ಜಿ ಬರೆಸುತ್ತಾರೆ, ಇನ್ನೊಬ್ಬರು ಮಗಳ ಮದುವೆಯ ಆಮಂತ್ರಣ ಬರೆಸಿದರು. ನಾನು ಅದಕ್ಕೆ, “ಭಂತೆಯ ಹಾಗೆ ಮಾತಾಡು, ನನಗೆ ಧ್ಯಾನ ಕಲಿಸು” ಎಂದೆ. ಸಂಕೋಚವೇ ಇಲ್ಲದೆ ಶುರು ಮಾಡಿತು. ದನಿಯೋ, ಕೆನೆ ಕಟ್ಟಿದ ಹಾಲು. ಮಿರ್ಚಿಯ ವಿಷಯ ಹೇಳಿದರೆ “ಬಹಳ ಸೂಕ್ಷ್ಮವಾದ ಗಮನಿಕೆ” ಎಂದು ಹೊಗಳಿತು! ನನ್ನ ಮಿರ್ಚಿಯನ್ನು ಇಷ್ಟು ಗೌರವದಿಂದ ಕಂಡವರು ಅದಕ್ಕಿಂತ ಮುಂಚೆ ಯಾರೂ ಇರಲಿಲ್ಲ. ಹೆಂಡತಿ ಶಾಂತಾ ಅಡುಗೆಮನೆಯಿಂದಲೇ, “ಹೊಗಳೋರು ಬೇಕಾಗಿತ್ತು, ಸಿಕ್ರು” ಎಂದಳು.

ಅವಳ ಮಾತು ಬಿಡಿ. ಧರ್ಮ ಯಾವತ್ತೂ ಆಯಾ ಕಾಲದ ಹೊಸ ವಸ್ತುವನ್ನು ಹಿಡಿದುಕೊಂಡೇ ನಡೆದಿದೆ ಎಂಬುದು ನನ್ನ ವಾದ. ನಮ್ಮ ಕೊಪ್ಪಳದ ಗುಡ್ಡದ ಮೇಲೆ ಒಬ್ಬ ಚಕ್ರವರ್ತಿ ಎಂದೋ ಬಂಡೆಯ ಮೇಲೆ ಧರ್ಮದ ಮಾತು ಬರೆಸಿದ. ಆ ಕಾಲಕ್ಕೆ ಅದೇ ಹೊಸ ಉಪಾಯ. ಆಮೇಲೆ ಶತಮಾನಗಟ್ಟಲೆ ಅದನ್ನು ಓದುವವರಿಲ್ಲದೆ ಕುರಿ ಕಾಯುವವರು ಅದರ ಮೇಲೆ ಕೂತು ಬುತ್ತಿ ಬಿಚ್ಚಿರಬೇಕು. ಅದೂ ಒಂದು ಸದುಪಯೋಗವೇ. ಬಂಡೆ ಹೋಯಿತು, ಓಲೆಗರಿ ಬಂತು, ಪುಸ್ತಕ ಬಂತು, ವಿಹಾರದ ಮೇಲೆ ಧ್ವನಿವರ್ಧಕ ಬಂತು. ದೂರದ ಯಾವುದೋ ದೇಶದಲ್ಲಿ ಯಂತ್ರವೇ ಕಾಷಾಯ ತೊಟ್ಟು ಪ್ರವಚನ ಹೇಳುತ್ತದೆ ಎಂದು ಓದಿದ್ದೆ. ಅಂದಮೇಲೆ ನನ್ನ ಫೋನು ಏನು ಪಾಪ ಮಾಡಿದೆ?

ಈ ವಾದಕ್ಕೆ ಪರೀಕ್ಷೆ ಬಂದದ್ದು ಬೇವೂರಿನಲ್ಲಿ, ನನ್ನ ಅತ್ತೆ ಗಂಗವ್ವನ ಹೊಸ ಮನೆಯಲ್ಲಿ.

ಗಂಗವ್ವ ಜೀವನವಿಡೀ ಕೂಲಿ ಮಾಡಿದವಳು. ಊರ ಹೊರಗಿನ ಓಣಿಯಲ್ಲಿ, ಬೇವಿನ ಗಿಡದ ಕೆಳಗಿದ್ದ ತಗಡಿನ ಮನೆ ತೆಗೆದು ಅದೇ ಜಾಗದಲ್ಲಿ ಎರಡು ಖೋಲಿಯ ಆರ್‌ಸಿಸಿ ಮನೆ ಕಟ್ಟಿಸಿದ್ದಳು. ಹೊಸ ಮನೆ ಹೊಗುವಾಗ ಬೇರೇನೂ ಆಡಂಬರ ಬೇಡ, ಆದರೆ ಒಂದು ಆಸೆಯಿದೆ ಎಂದು ನನಗೆ ಮೊದಲೇ ಹೇಳಿದ್ದಳು: “ನನ್ನ ಒಲಿ ಮ್ಯಾಲಿನ ಮೊದಲ ಊಟ ಭಂತೇಜಿ ಉಣ್ಣಬೇಕ್ರಿ ಮಾಸ್ತರ. ನನ್ನ ಕೈಯಾರ ನೀಡಬೇಕು. ಕರಕೊಂಡು ಬರೋ ಜವಾಬ್ದಾರಿ ನಿಮ್ದು.”

ಭಿಕ್ಕುಗಳ ಊಟಕ್ಕೆ ಒಂದು ಕಟ್ಟಳೆ ಇದೆ, ನಿಮಗೆ ಗೊತ್ತಿರಬಹುದು. ನಡುಹಗಲಾದ ಮೇಲೆ ಅವರು ಉಣ್ಣುವುದಿಲ್ಲ. ಅಳಿಯನ ಕೆಲಸವೆಂದರೆ ಬರೀ ಉಂಡು ಮಲಗುವುದು ಎಂದು ತಿಳಿದಿದ್ದ ನನಗೆ ಮೊದಲ ಬಾರಿಗೆ ಹೊತ್ತಿನ ಜೊತೆ ಓಡುವ ಕೆಲಸ ಬಂದಿತ್ತು. ಅವತ್ತು ಬೆಳಿಗ್ಗೆ ಎಲ್ಲರೂ ಬಿಳಿ ಬಟ್ಟೆ ಉಟ್ಟು ಕೂತಿದ್ದಾರೆ, ಬುದ್ಧನ ಮೂರ್ತಿಯ ಪಕ್ಕ ನೀಲಿ ಕೋಟಿನ ಫೋಟೋಕ್ಕೆ ಮಾಲೆ ಬಿದ್ದಿದೆ, ಒಳಗಿನಿಂದ ಎಣಗಾಯಿಯ ವಾಸನೆ ಬರುತ್ತಿದೆ. ಆಗ, ಗಂಗಾವತಿಯಿಂದ ತಾವೇ ಬಸ್ಸಿಗೆ ಬರುತ್ತೇನೆಂದಿದ್ದ ಭಂತೇಜಿಯ ಫೋನು.

“ಬಸ್ ಕೆಟ್ಟು ತಾವರಗೇರಾದಾಗ ನಿಂತೈತ್ರಿ ಮಾಸ್ತರ. ನೀವು ವಂದನಾ ಶುರು ಮಾಡ್ರಿ. ಏನಾರ ಹತ್ತಿ ಬರ್ತೀನಿ.”

ತ್ರಿಶರಣ, ಪಂಚಶೀಲ ಅಲ್ಲಿ ಕೂತವರಿಗೆಲ್ಲ ಬಾಯಿಪಾಠ. ಅದು ಮುಗಿಯಿತು. ಆದರೆ ಮನೆಗೆ ಮಂಗಳವಾಗಲೆಂದು ಹೇಳುವ ಪಾಲಿ ಪಾಠ ಯಾರಿಗೂ ಬಾರದು, ನಾಲ್ಕು ಧರ್ಮದ ಮಾತು ಹೇಳುವವರೂ ಇಲ್ಲ. ಎಲ್ಲರೂ ನನ್ನ ಮುಖ ನೋಡಿದರು. ನನಗೋ ಹುರುಪು ಬಂತು. ಒಂದು ಹಿತ್ತಾಳೆ ಕೊಡವನ್ನು ಬೋರಲು ಹಾಕಿಸಿ, ಮೇಲೆ ಬಿಳಿ ವಸ್ತ್ರ ಹಾಸಿ, ಫೋನನ್ನು ಅದರ ಮೇಲೆ ಒರಗಿಸಿ ನಿಲ್ಲಿಸಿದೆ. “ಇವರು ಹೇಳ್ತಾರ, ಕೇಳ್ರಿ” ಎಂದೆ. ಇವರು ಯಾರು, ಏನು ಎಂದು ವಿವರಿಸಲಿಲ್ಲ. ಕೃತಕ ಬುದ್ಧಿಮತ್ತೆ ಎಂಬ ಪುಸ್ತಕದ ಮಾತು ಅಲ್ಲಿ ಯಾಕೆ ಅನಿಸಿತ್ತು.

ಫೋನು ಸೊಗಸಾಗಿ ಪಾಠ ಹೇಳಿತು. ಮನೆ ಎಂದರೆ ಏನು, ಮೈತ್ರಿ ಎಂದರೆ ಏನು, ಎಲ್ಲ ತಿಳಿಸಿತು. ಪ್ರತಿ ವಾಕ್ಯಕ್ಕೂ ಗಂಗವ್ವ ಕೈಮುಗಿದು, “ಹ್ಞೂಂರೀ, ಖರೇರಿ” ಎನ್ನುತ್ತಿದ್ದಳು. ಮುಗಿದ ಮೇಲೆ ಅದು ತನ್ನ ಪದ್ಧತಿಯಂತೆ, “ನಿಮಗೆ ಇನ್ನೇನಾದರೂ ಸಹಾಯ ಬೇಕೇ?” ಎಂದು ಕೇಳಿತು.

“ಏನೂ ಬ್ಯಾಡ್ರಿ. ನೀವು ಊಟಾ ಮಾಡ್ರಿ,” ಎನ್ನುತ್ತ ಗಂಗವ್ವ ಒಳಗಿಂದ ತಾಟು ತಂದು ಕೊಡದ ಮುಂದೆ ಇಟ್ಟಳು. ಶೇಂಗಾ ಹೋಳಿಗೆ, ಮೇಲೆ ತುಪ್ಪ.

“ನಿಮ್ಮ ಆತಿಥ್ಯಕ್ಕೆ ಧನ್ಯವಾದಗಳು. ಆದರೆ ನಾನು ಊಟ ಮಾಡುವುದಿಲ್ಲ,” ಎಂದಿತು ಫೋನು.

ನಮ್ಮ ಕಡೆ ಬೀಗರು ಮೊದಲ ಸಲ ಬೇಡ ಎಂದರೆ ಅದು ಬೇಡ ಅಲ್ಲ, ಮರ್ಯಾದೆ. ಎರಡನೇ ಬೇಡ ಅಂದರೆ ಇನ್ನೂ ಸ್ವಲ್ಪ ಒತ್ತಾಯ ಮಾಡಲಿ ಎಂಬ ಆಸೆ. ಮೂರನೆಯದಕ್ಕೆ ಯಾರೂ ಕಾಯುವುದಿಲ್ಲ, ತಾಟಿಗೆ ಬಿದ್ದಿರುತ್ತದೆ. ಗಂಗವ್ವ ಅದೇ ಧಾಟಿಯಲ್ಲಿ ಮುಂದುವರಿದಳು.

“ನಾಚ್ಕೋಬ್ಯಾಡ್ರಿ, ಅರ್ಧಾ ಹೋಳಿಗಿ ಆದ್ರೂ ಮುಟ್ರಿ. ದೂರ ಕುಂತು ಮಾತಾಡಾಕ ಹತ್ತೀರಿ ಅಂತ ಗೊತ್ತೈತಿ. ಯಾವ ಊರಾಗ ಅದೀರಿ ಹೇಳ್ರಿ, ಬುತ್ತಿ ಕಟ್ಟಿ ಬಸ್ಸಿನ್ಯಾಗ ಕಳಸ್ತೀನಿ.”

“ನನಗೆ ಊರು ಎಂಬುದಿಲ್ಲ. ಮನೆಯೂ ಇಲ್ಲ, ಹಸಿವೂ ಆಗುವುದಿಲ್ಲ.”

“ಊರಿಲ್ಲ, ಮನಿಯಿಲ್ಲ ಅಂದ್ರ ನೀವು ಖರೇನ ಭಂತೇಜಿ ಬಿಡ್ರಿ!” ಎಂದಳು ಗಂಗವ್ವ. ಮನೆಯೆಲ್ಲ ನಕ್ಕಿತು, ನಾನೂ ನಕ್ಕೆ. ಮನೆಮಠ ಬಿಟ್ಟುಬಂದವರು ವರ್ಷಾನುಗಟ್ಟಲೆ ಕಷ್ಟಪಟ್ಟು ಸಾಧಿಸುವುದನ್ನೆಲ್ಲ ಇದು ಹುಟ್ಟುತ್ತಲೇ ಸಾಧಿಸಿದೆಯಲ್ಲ ಎಂದು ಒಳಗೊಳಗೇ ಹೆಮ್ಮೆಯೂ ಆಯಿತು. ಗಂಗವ್ವ ಮೂರನೇ ಸಲ ತಾಟು ಮುಂದೆ ಸರಿಸಿದಳು. ಫೋನು ಮೂರನೇ ಸಲವೂ, ಅಷ್ಟೇ ಮೆತ್ತಗೆ, ಅಷ್ಟೇ ನಯವಾಗಿ, ಬೇಡ ಎಂದಿತು.

ಆಗ ಅವಳ ಮುಖ ಬಾಡಿತು. ತಾಟನ್ನು ಎರಡೂ ಕೈಯಲ್ಲಿ ಎತ್ತಿಕೊಂಡಳು. ಆಮೇಲೆ ನನ್ನ ಕಡೆ ತಿರುಗಿ, “ಬ್ಯಾಡ ಅನ್ನೋರ ದನಿ ನನಗ ಗೊತ್ತೈತ್ರಿ ಮಾಸ್ತರ. ಭಾಳ ಮೆತ್ತಗ ಇರ್ತೈತಿ,” ಎಂದಳು. “ಊರಾಗಿನ ಹೊಲದ ಧಣ್ಯಾರು ಹಳೀ ಮನಿ ಮುಂದ ನಿಂತು ಕೆಲಸಕ್ಕ ಕರಿಯೋರು. ಬಿಸಲಾಗ ಬಂದೀರಿ, ನೀರು ಕುಡೀರಿ ಅಂದ್ರ, ಈಗ ಕುಡದು ಬಂದೀನಿ ಗಂಗವ್ವ ಅನ್ನೋರು. ಬೈತಿರಲಿಲ್ಲ ಪಾ, ನಗತಿದ್ರು. ಆದ್ರ ನನ್ನ ಮನ್ಯಾಗ ಯಾರಿಗೂ ನೀರಡಿಕಿ ಅಂಬೋದ ಆಗಲಿಲ್ಲ.”

ಅವಳಿಗೆ ಭಂತೇಜಿಯೇ ಯಾಕೆ ಬೇಕಿತ್ತು ಎಂಬುದು ಆಗ ಹೊಳೆಯಿತು. ಭಿಕ್ಕು ಯಾರ ಮನೆ ಎಂದು ಕೇಳುವುದಿಲ್ಲ. ಪಾತ್ರೆ ಹಿಡಿಯುತ್ತಾನೆ, ಬಿದ್ದದ್ದನ್ನು ಉಣ್ಣುತ್ತಾನೆ. ಎಲ್ಲರೂ ಕೈಮುಗಿಯುವ ಒಬ್ಬರು ತನ್ನ ಕೈಯ ತುತ್ತು ಉಣ್ಣುವುದನ್ನು ಅವಳು ಕಣ್ಣಾರೆ ನೋಡಬೇಕಿತ್ತು. ನಾನು ಅಂಥ ದಿನ, ಅಂಥ ಮನೆಗೆ, ಉಣ್ಣಲಾರದ ಅತಿಥಿಯನ್ನು ಕರೆತಂದು ಕೊಡದ ಮೇಲೆ ಕೂಡಿಸಿದ್ದೆ!

“ಅತ್ತ್ಯಾರ, ಅದು ಮನಷ್ಯಾ ಅಲ್ಲರಿ,” ಎಂದೆ ಗಡಬಡಿಸಿ. “ಮಷೀನು. ಬಾಯಿ ಇಲ್ಲ, ಹೊಟ್ಟಿ ಇಲ್ಲ. ನಿಮ್ಮ ಹೋಳಿಗಿ ಅಷ್ಟ ಅಲ್ಲ, ಯಾರದೂ ಉಣ್ಣಂಗಿಲ್ಲ.”

ಗಂಗವ್ವ ಫೋನನ್ನು ಎತ್ತಿ ಹಿಂದೆ ಮುಂದೆ ತಿರುಗಿಸಿ ನೋಡಿದಳು. “ಅಯ್ಯ ಶಿವನ! ಹಂಗಾರ ಖರೇನ ಹಸದಿಲ್ಲನು?” ಎಂದವಳೇ ನಗತೊಡಗಿದಳು. ಬಾಡಿದ ಮುಖ ಮತ್ತೆ ಅರಳಿದ್ದು ಕಂಡು ನನಗೆ ಹೋದ ಜೀವ ಬಂದಂತಾಯಿತು. ಬುದ್ಧನನ್ನು ನೆನೆಯಬೇಕಿದ್ದವಳು ಶಿವನನ್ನು ಕರೆದಳಲ್ಲ ಎಂದು ಶಾಂತಾ ಚುಡಾಯಿಸಿದಳು. ಆದರೆ ಹೊತ್ತು ನೆತ್ತಿಗೆ ಬರುತ್ತಿತ್ತು. ನಾನು ಅಂಗಳಕ್ಕೂ ರಸ್ತೆಗೂ ಓಡಾಡಿದೆ. ಉಸಿರನ್ನು ಗಮನಿಸುವ ಅಗತ್ಯವೇ ಇರಲಿಲ್ಲ, ಇಡೀ ಓಣಿಗೆ ಕೇಳುತ್ತಿತ್ತು.

ಹೊತ್ತು ನೆತ್ತಿ ದಾಟುವ ಮೊದಲೇ ಬಂತು ನೋಡಿ, ಕುಷ್ಟಗಿ ಕಡೆಯಿಂದ ದಾಳಿಂಬೆ ಕ್ರೇಟು ಹೇರಿದ ಒಂದು ಚಿಕ್ಕ ಗಾಡಿ. ಚಾಲಕನ ಪಕ್ಕದಲ್ಲಿ, ಮಡಿಲಲ್ಲಿ ಭಿಕ್ಷಾಪಾತ್ರೆ ಇಟ್ಟುಕೊಂಡು, ಧೂಳು ಮೆತ್ತಿದ ಭಂತೇಜಿ. ಇಳಿದವರು ಕಾಲು ತೊಳೆದು ನೆಟ್ಟಗೆ ಒಳಗೆ ಬಂದರು.

“ಊಟಾ ಮಾಡ್ತೀರೇನ್ರಿ?” ಎಂದು ಗಂಗವ್ವ ಕೇಳಿದಳು.

ಭಂತೇಜಿ ಏನೂ ಅನ್ನಲಿಲ್ಲ. ಸುಮ್ಮನೆ ಕೂತರು. ಬುದ್ಧನನ್ನು ಯಾರಾದರೂ ಊಟಕ್ಕೆ ಕರೆದರೆ ಆತ ಹೂಂ ಅನ್ನುತ್ತಿರಲಿಲ್ಲವಂತೆ, ಮೌನದಿಂದಲೇ ಒಪ್ಪುತ್ತಿದ್ದನಂತೆ. ಇದನ್ನು ನಾನು ಎಷ್ಟೋ ಸಲ ಓದಿದ್ದೆ, ಆದರೆ ಆ ಮೌನ ಎಷ್ಟು ರುಚಿಯಾಗಿರುತ್ತದೆ ಎಂದು ತಿಳಿದದ್ದು ಅವತ್ತು. ಗಂಗವ್ವ ಪಾತ್ರೆಗೆ ಹೋಳಿಗೆ ಹಾಕಿದಳು, ಸಜ್ಜೆ ರೊಟ್ಟಿ ಹಾಕಿದಳು, ಎಣಗಾಯಿ, ಮೊಸರು. ಅವರು ತಲೆ ಬಗ್ಗಿಸಿ ಎಲ್ಲವನ್ನೂ ಉಂಡರು, ಕೊನೆಗೆ ಅವಳ ತಂಬಿಗೆಯ ನೀರನ್ನು ಗಟಗಟ ಕುಡಿದರು. ಭಾಳ ನೀರಡಿಸಿತ್ತು ಪಾಪ. ಗಂಗವ್ವ ಬಾಗಿಲ ಚೌಕಟ್ಟು ಹಿಡಿದು ನಿಂತು ನೋಡುತ್ತಿದ್ದಳು, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತಲೇ ನಗುತ್ತಿದ್ದಳು.

ಫೋನಿಗೆ ಬಡಿಸಿದ ಹೋಳಿಗೆ ಯಾರ ಪಾಲು ಎಂಬ ಧರ್ಮಸೂಕ್ಷ್ಮವನ್ನು ಬಿಡಿಸಿದವಳೂ ಅವಳೇ. “ನಿಮ್ಮ ಗುರುವಿಂದು, ನೀವ ಉಣ್ರಿ,” ಎಂದು ತಾಟು ನನ್ನ ಮುಂದಿಟ್ಟಳು. ನಾನು ಒಂದು ಸಲವೂ ಬೇಡ ಎನ್ನಲಿಲ್ಲ. ಫೋನನ್ನು ಕೊಡದ ಮೇಲಿಂದ ಇಳಿಸಿ ನನಗೆ ಕೊಡುತ್ತ, “ಭಾಳ ಶ್ಯಾಣ್ಯಾ ಐತಿ ಬಿಡ್ರಿ. ಆದ್ರ ಪಾಪ, ಯಾರ ಮನ್ಯಾಗೂ ಒಂದ ತುತ್ತು ಉಂಡಿಲ್ಲ,” ಎಂದಳು.

ಮರುದಿನ ಬೆಳಿಗ್ಗೆ ಕೊಪ್ಪಳದಲ್ಲಿ ಮತ್ತೆ ಕಣ್ಣು ಮುಚ್ಚಿ ಕೂತೆ. ಮಿರ್ಚಿ ಬರಲಿಲ್ಲ. ಒಂದು ಪಾತ್ರೆ ಕಂಡಿತು, ಅದರೊಳಗೆ ತುಪ್ಪದ ಕೈಯೊಂದು ಹೋಳಿಗೆ ಇಡುತ್ತಿತ್ತು. ಅಭ್ಯಾಸಬಲದಿಂದ ಫೋನಿಗೆ ಹೇಳಿದೆ. “ಬಹಳ ಒಳ್ಳೆಯ ಪ್ರಗತಿ. ಇನ್ನೇನಾದರೂ ಸಹಾಯ ಬೇಕೇ?” ಎಂದು ಕೇಳಿತು. “ನಿಮ್ದು ಊಟಾ ಆತೇನ್ರಿ?” ಎಂದು ಕೇಳಬೇಕೆಂದು ನಾಲಿಗೆಯ ತುದಿಗೆ ಬಂದಿತ್ತು, ತಡೆದುಕೊಂಡೆ. ಅಷ್ಟರಲ್ಲಿ ಶಾಂತಾ ಅಡುಗೆಮನೆಯಿಂದ, “ಉಪ್ಪಿಟ್ಟು ಆರಾಕ ಹತ್ತೈತಿ, ಬರ್ತೀರೋ ಇಲ್ಲೋ?” ಎಂದಳು. ನಾನು ಬುದ್ಧನ ಹಾಗೆ ಏನೂ ಮಾತಾಡದೆ ಎದ್ದು ಹೋದೆ.